ಎದುರಾಳಿ ಬಾರದೆ ಬಂದ ಚಿನ್ನ: ಕ್ಯೂಬಾ–ಅಮೆರಿಕ ಬಾಕ್ಸಿಂಗ್ ಹಗೆಯ ಹಿನ್ನೆಲೆ

1980ರ ಮಾಸ್ಕೋ ಒಲಿಂಪಿಕ್ಸ್ ಬಾಕ್ಸಿಂಗ್‌ನಲ್ಲಿ ಕ್ಯೂಬಾ 11ರಲ್ಲಿ 6 ಚಿನ್ನ ಬಾಚಿಕೊಂಡಿತು. 1984ರ ಲಾಸ್ ಏಂಜಲೀಸ್‌ನಲ್ಲಿ ಅಮೆರಿಕ 12ರಲ್ಲಿ 9 ಗೆದ್ದಿತು. ಹಾಗಾದ್ರೆ ಯಾರು ಜೋರು? ಈ ಲೆಕ್ಕ ಹಿಡಿದು ಹೇಳೋಕೆ ಆಗಲ್ಲ. ಮಾಸ್ಕೋಗೆ ಅಮೆರಿಕ ಹೋಗಿರಲಿಲ್ಲ, ಲಾಸ್ ಏಂಜಲೀಸ್‌ಗೆ ಕ್ಯೂಬಾ ಬಂದಿರಲಿಲ್ಲ.

1959ರ ಕ್ರಾಂತಿಯಾದ ಕೆಲವೇ ವರ್ಷಗಳಲ್ಲಿ ಕ್ಯೂಬಾ ದುಡ್ಡಿಗಾಗಿ ಆಡುವ (ಪ್ರೊ) ಬಾಕ್ಸಿಂಗನ್ನು ನಿಷೇಧಿಸಿತು. ದೊಡ್ಡ ದುಡ್ಡು ಬೇಕೆಂದವರು ದೇಶ ಬಿಟ್ಟರು, ಉಳಿದವರನ್ನು ಸರ್ಕಾರವೇ ಸಾಕಿತು. ಅಮೆರಿಕದಲ್ಲಿ ಉಲ್ಟಾ: ಹುಡುಗ ಒಂದು ಪದಕ ಗೆದ್ದ ಕೂಡಲೇ ಪ್ರೊ ಆಗಿಬಿಡುತ್ತಾನೆ. ಪ್ರೊ ಆದವರಿಗೆ ಆಗ ಒಲಿಂಪಿಕ್ಸ್‌ನಲ್ಲಿ ಜಾಗವಿರಲಿಲ್ಲ. ಹಾಗಾಗಿ ಅಲ್ಲಿ ಅಮೆರಿಕದ ಹೊಸ ಹುಡುಗರ ಎದುರು ಪಳಗಿದ ಕ್ಯೂಬನ್ನರು ನಿಲ್ಲುತ್ತಿದ್ದರು.

ಇಬ್ಬರೂ ಪೂರ್ತಿ ಬಲದಲ್ಲಿ ಎದುರುಬದುರಾಗಿದ್ದು 1976ರ ಮಾಂಟ್ರಿಯಲ್‌ನಲ್ಲಿ. ನನ್ನ ಪ್ರಕಾರ ನಿಜವಾದ ಲೆಕ್ಕ ಸಿಗೋದು ಅಲ್ಲೇ. ಹೆವಿವೇಟ್ ಸೆಮಿಫೈನಲ್‌ನಲ್ಲಿ ಕ್ಯೂಬಾದ ತಿಯೋಫಿಲೊ ಸ್ಟೀವನ್ಸನ್ ಬಲಗೈಯಿಂದ ಬಿಟ್ಟ ಏಟಿಗೆ ಅಮೆರಿಕದ ಜಾನ್ ಟೇಟ್ ಮೊದಲ ಸುತ್ತಿನಲ್ಲೇ ಮಲಗಿದರು. ಫೈನಲ್‌ನಲ್ಲಿ ರೊಮೇನಿಯಾದ ಸಿಮೊನ್ ಎರಡು ಸುತ್ತು ಬರೀ ತಪ್ಪಿಸಿಕೊಂಡು ಓಡಾಡಿದರು, ಮೂರನೇ ಸುತ್ತಿನಲ್ಲಿ ಸಿಕ್ಕಿಬಿದ್ದಾಗ ಅವರ ಕಡೆಯವರೇ ಸೋಲೊಪ್ಪಿಕೊಂಡು ಟವೆಲ್ ಎಸೆದರು. ಆದರೆ ಅಮೆರಿಕದ ಶುಗರ್ ರೇ ಲೆನಾರ್ಡ್ ಕ್ಯೂಬಾದ ಆಂಡ್ರೆಸ್ ಅಲ್ಡಾಮಾರನ್ನು ಸೋಲಿಸಿದರು, ಲಿಯಾನ್ ಸ್ಪಿಂಕ್ಸ್ ಮತ್ತು ಲಿಯೊ ರಾಂಡಾಲ್ಫ್ ಕೂಡ ಫೈನಲ್‌ನಲ್ಲಿ ಮಣಿಸಿದ್ದು ಕ್ಯೂಬನ್ನರನ್ನೇ. ಕೊನೆಗೆ ಅಮೆರಿಕಕ್ಕೆ 5 ಚಿನ್ನ, ಕ್ಯೂಬಾಗೆ 3.

ಆಮೇಲೆ ಸೋವಿಯತ್ ಸೇನೆ ಅಫ್ಗಾನಿಸ್ತಾನಕ್ಕೆ ನುಗ್ಗಿತು, ಅಮೆರಿಕ ಮಾಸ್ಕೋ ಬಹಿಷ್ಕರಿಸಿತು. ಅಲ್ಡಾಮಾ ಅಲ್ಲಿ ಚಿನ್ನ ಗೆದ್ದರು. ಅಷ್ಟೊತ್ತಿಗೆ ಲೆನಾರ್ಡ್ ಪ್ರೊ ಆಗಿ ಕೈತುಂಬಾ ದುಡ್ಡು ನೋಡುತ್ತಿದ್ದರು. ನಾಲ್ಕು ವರ್ಷಕ್ಕೆ ಸೋವಿಯತ್ ಬಣ ಲಾಸ್ ಏಂಜಲೀಸ್‌ಗೆ ಹೋಗಲಿಲ್ಲ, ಸ್ಟೀವನ್ಸನ್ ಕೂಡ ಮನೆಯಲ್ಲೇ ಉಳಿದರು. ಅದೇ ವರ್ಷದ ಆರಂಭದಲ್ಲಿ ಅವರು ಸೋಲಿಸಿದ್ದ ಅಮೆರಿಕದ ಟೈರೆಲ್ ಬಿಗ್ಸ್ ಅಲ್ಲಿ ಸೂಪರ್ ಹೆವಿವೇಟ್ ಚಿನ್ನ ತಗೊಂಡರು! ಬಿಗ್ಸ್‌ದೇನೂ ತಪ್ಪಿಲ್ಲ, ಮುಂದೆ ಬಂದವರನ್ನು ತಾನೇ ಹೊಡೆಯೋದು. ನಾಲ್ಕನೇ ಚಿನ್ನದ ಅವಕಾಶ ಮಾತ್ರ ಸ್ಟೀವನ್ಸನ್‌ಗೆ ಸಿಗಲೇ ಇಲ್ಲ.

1988ರ ಸಿಯೋಲ್ ಒಲಿಂಪಿಕ್ಸ್‌ಗೂ ಕ್ಯೂಬಾ ಗೈರು, ಆಗ ಕಾರಣ ಉತ್ತರ ಕೊರಿಯಾ ಪರ ನಿಂತಿದ್ದು. 1992ರ ಬಾರ್ಸಿಲೋನಾದಲ್ಲಿ ಎರಡೂ ತಂಡ ಬಂದವು: ಕ್ಯೂಬಾ 7, ಅಮೆರಿಕ 1. ಆ ಒಂದು ಆಸ್ಕರ್ ಡಿ ಲಾ ಹೋಯಾ ಅವರದ್ದು.

ಪ್ರೊ ಬಾಕ್ಸಿಂಗ್‌ಗೆ ಕ್ಯೂಬಾ ಮತ್ತೆ ಬಾಗಿಲು ತೆರೆದಿದ್ದು 2022ರಲ್ಲಿ. ಅಷ್ಟರೊಳಗೆ ರಿಗೊಂಡಿಯೊ, ಲಾರಾ ತರದವರು ದೇಶ ಬಿಟ್ಟು ಅಮೆರಿಕದ ರಿಂಗ್‌ಗಳಲ್ಲಿ ಹೆಸರು ಮಾಡಿ ಆಗಿತ್ತು. ಹೊಸ ನಿಯಮದ ಮೊದಲ ಪಂದ್ಯಗಳು ನಡೆದಿದ್ದು ಮೆಕ್ಸಿಕೋದ ಅಗ್ವಾಸ್ಕಾಲಿಯೆಂಟೆಸ್‌ನಲ್ಲಿ. ಕ್ಯೂಬಾದಿಂದ ಮಿಯಾಮಿ ಇನ್ನೂ ಹತ್ತಿರ, ಆದರೆ ಅಮೆರಿಕದ ಆರ್ಥಿಕ ನಿರ್ಬಂಧ ಹಾಗೇ ಇತ್ತಲ್ವಾ.