ಜಾತ್ರೆಯಲ್ಲಿ ಹೆಸರು ಕೂಗಿದ ಹಾಗೆ

ಬೀದರಿನಲ್ಲಿ ಬಿದ್ರಿ ಸಾಮಾನು ಮಾಡಿ ಮಾರುವ ಕಾಕಾ ಒಬ್ಬರು ನನಗೆ ಪರಿಚಯ. ಹೋದ ವರ್ಷ ಅಂಗಡಿಗೆ ವೆಬ್‌ಸೈಟ್ ಮಾಡಿಸಿದರು. ಮಾಡಿಕೊಟ್ಟವರು ಪುಟದ ಕೆಳಗೆ ಬಿಳಿ ಬಣ್ಣದ ಮೇಲೆ ಬಿಳಿ ಅಕ್ಷರದಲ್ಲಿ ‘ಬೆಸ್ಟ್ ಬಿದ್ರಿ ಬೀದರ್’ ಅಂತ ನೂರಾರು ಸಲ ತುಂಬಿದ್ದರು. “ಎಷ್ಟು ಸಲ ಬರದರ ಅಷ್ಟು ಮ್ಯಾಲ ಬರ್ತದಂತ ಹೇಳ್ಯಾರ” ಎಂದರು ಕಾಕಾ. ನನಗೆ ಸಂಕಟವಾಯಿತು. ಓದುಬರಹ ಬಲ್ಲವರೂ ಗೂಗಲ್ ಅಂದರೆ ಜಪಕ್ಕೆ ಒಲಿಯುವ ದೇವರು ಅಂದುಕೊಂಡಿದ್ದಾರೆ. ಹೀಗೆ ಪದ ಬಚ್ಚಿಡುವುದನ್ನು ಗೂಗಲ್ ಮೋಸ ಎಂದೇ ಎಣಿಸುತ್ತದೆ, ಪುಟವನ್ನು ಕೆಳಗೆ ತಳ್ಳುತ್ತದೆ.

ಪದಕ್ಕೆ ಬೆಲೆ ಎಲ್ಲಿಂದ ಬರುತ್ತದೆ? ಇದಕ್ಕೆ ಉತ್ತರ ಸಿಕ್ಕಿದ್ದು 1972ರಲ್ಲಿ. ವೆಬ್ ಹುಟ್ಟಲು ಆಗಿನ್ನೂ 17 ವರ್ಷ ಬಾಕಿ. ಕೇಂಬ್ರಿಜ್‌ನ ಕಂಪ್ಯೂಟರ್ ವಿಜ್ಞಾನಿ ಕರೆನ್ ಸ್ಪಾರ್ಕ್ ಜೋನ್ಸ್ ಮೊದಲು ಓದಿದ್ದು ಇತಿಹಾಸ, ಸ್ವಲ್ಪ ಕಾಲ ಶಾಲೆಯಲ್ಲಿ ಪಾಠವನ್ನೂ ಹೇಳಿದ್ದರು. ಅವರು ಕಂಡದ್ದು ಇಷ್ಟೇ: ಎಲ್ಲ ಕಡೆ ಇರುವ ಪದ ಹಗುರ, ಅಪರೂಪದ ಪದ ಭಾರ.

ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ನಿಂತು “ಶರಣಪ್ಪಾ!” ಅಂತ ಕೂಗಿ ನೋಡಿ. ನೂರು ತಲೆ ತಿರುಗುತ್ತವೆ, ನಿಮಗೆ ಬೇಕಾದವರು ಸಿಗುವುದಿಲ್ಲ. ಅಪರೂಪದ ಹೆಸರು ಕೂಗಿದರೆ ತಿರುಗುವುದು ಒಂದೇ ತಲೆ. ಆ ಹೆಸರಿಗಿರುವ ಶಕ್ತಿ ಅದು ವಿರಳವಾಗಿರುವುದರಲ್ಲೇ ಇದೆ. ಲೆಕ್ಕದಲ್ಲಿ ಹೇಳಬೇಕೆಂದರೆ, 1000 ಪುಟಗಳಿವೆ ಅನ್ನೋಣ. ‘ಮತ್ತು’ ಎಲ್ಲದರಲ್ಲೂ ಇದ್ದರೆ ಅದರ ತೂಕ 0. 100 ಪುಟಗಳಲ್ಲಿರುವ ಪದಕ್ಕೆ 1, 10ರಲ್ಲಿರುವುದಕ್ಕೆ 2, ಒಂದರಲ್ಲೇ ಇದ್ದರೆ 3. ಒಟ್ಟು ಪುಟಗಳನ್ನು ಆ ಪದವಿರುವ ಪುಟಗಳಿಂದ ಭಾಗಿಸಿ ತೆಗೆದ ಹತ್ತರ ಲಾಗರಿದಮ್, ಅಷ್ಟೇ. ‘ಬೆಸ್ಟ್’ ಎಂಬ ಪದ ಇಲ್ಲದ ಅಂಗಡಿ ಎಲ್ಲಿದೆ ಹೇಳಿ!

ಹಾಗಾದರೆ ಅಪರೂಪದ ಪದವನ್ನೇ ನೂರು ಸಲ ಬರೆದರೆ? ಅದಕ್ಕೂ ಮಿತಿ ಇದೆ. ಬೀದರಿನ ಬೇಸಿಗೆಯಲ್ಲಿ ಮೊದಲ ಲೋಟ ನೀರು ಜೀವ ಉಳಿಸುತ್ತದೆ. ಎರಡನೆಯದು ಹಿತ. ಹತ್ತನೆಯದನ್ನು ಯಾರು ಕುಡಿಯುತ್ತಾರೆ? ಹುಡುಕಾಟದಲ್ಲಿ ಪುಟಗಳಿಗೆ ಅಂಕ ಕೊಡುವ ಬಿಎಂ25 ಎಂಬ ಹೆಸರಾಂತ ಸೂತ್ರ ಪದಗಳನ್ನು ಎಣಿಸುವುದು ಹೀಗೆಯೇ. ಮತ್ತೆ ಮತ್ತೆ ಬಂದಷ್ಟೂ ಸೇರುವ ಅಂಕ ಕಡಿಮೆಯಾಗುತ್ತಾ ಹೋಗುತ್ತದೆ, ಒಂದು ಮಟ್ಟ ದಾಟುವುದೇ ಇಲ್ಲ.

1998ರಲ್ಲಿ ಗೂಗಲ್ ಕಟ್ಟಿದ ಲ್ಯಾರಿ ಪೇಜ್, ಸೆರ್ಗೆಯ್ ಬ್ರಿನ್ ಬೇರೆ ಪುಟಗಳು ಕೊಡುವ ಕೊಂಡಿಗಳನ್ನೂ ಲೆಕ್ಕಕ್ಕೆ ತಂದರು. 2019ರಲ್ಲಿ ಬರ್ಟ್ ಎಂಬ ಭಾಷಾ ಮಾದರಿ ಬಂದು, ಪದದ ಅಕ್ಕಪಕ್ಕದ ಅರ್ಥವನ್ನೂ ಗೂಗಲ್ ನೋಡತೊಡಗಿತು. ಆದರೂ ಪುಟದಲ್ಲಿ ಇಲ್ಲದ್ದನ್ನು ಅದು ಹುಡುಕಿಕೊಡುವುದಾದರೂ ಹೇಗೆ?

ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ವೆಬ್‌ಸೈಟಿಗೆ ಹಾಕುತ್ತಾರೆ. ನಮ್ಮ ಕಣ್ಣಿಗೆ ಅದು ಕನ್ನಡ. ಕಂಪ್ಯೂಟರಿನೊಳಗೆ ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಅಕ್ಷರಗಳಲ್ಲಿ ಹುಡುಕುವವರಿಗೆ ಅದು ಸಿಗುವುದಿಲ್ಲ. ಊರಿನ ಹೆಸರಿನದೂ ಇದೇ ಕಥೆ. 2014ರಲ್ಲಿ ಗುಲ್ಬರ್ಗಾ ಕಲಬುರಗಿ ಆಯಿತು, ಹುಡುಕುವವರ ಬೆರಳು ಇನ್ನೂ ಎರಡನ್ನೂ ಒತ್ತುತ್ತದೆ. ಎರಡು ಹೆಸರೂ ಒಮ್ಮೆ ಸಹಜವಾಗಿ ಬಂದರೆ ಸಾಕು.

ಕೊನೆಗೆ ಆ ಬಿಳಿ ಅಕ್ಷರಗಳನ್ನೆಲ್ಲ ಅಳಿಸಿದೆವು. “ಕಾಕಾ, ನೀವು ಮಾಡೂ ಕೆಲಸನೇ ಹೇಳ್ರಿ, ನಾ ಬರಕೋತೀನಿ” ಎಂದೆ. ಹೇಳತೊಡಗಿದರು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುವುದು. ಗೆರೆ ಕಾಣಲಿ ಅಂತ ಮೈಲುತುತ್ತ ಹಚ್ಚಿ ಸದ್ಯಕ್ಕೆ ಕಪ್ಪು ಮಾಡುವುದು. ಉಳಿಯಿಂದ ಕೊರೆದ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸುವುದು. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿದ ನೀರು. ಅದು ತಾಗಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮೈಲುತುತ್ತ, ನವಸಾಗರ, ಕೋಟೆ ಮಣ್ಣು: ಎಲ್ಲವೂ ಭಾರದ ಪದಗಳು, ಒಂದನ್ನೂ ಸುಮ್ನೆ ತುರುಕಿದ್ದಲ್ಲ. ಹೂಜಿಯ ಬಗ್ಗೆ ಬರೆದಾಯಿತು. ಮಣ್ಣನ್ನು ನಾಲಿಗೆಗೆ ಹಚ್ಚಿ ಪರೀಕ್ಷೆ ಮಾಡುವುದನ್ನು ಮುಂದಿನ ವಾರ ತೋರಿಸುತ್ತೇನೆ ಎಂದಿದ್ದಾರೆ ಕಾಕಾ. ಆ ಪುಟ ಇನ್ನೂ ಬಾಕಿ ಇದೆ.