28 ಸಾವಿರಕ್ಕೆ ಐ7, ಗ್ರಾಫಿಕ್ಸ್ ಕಾರ್ಡ್ ಎಲ್ಲ ಸೇರಿ ಅಂದ್ರೆ ತಗೋಬಹುದಾ?

ಪ್ರಶ್ನೆ: ಮಗಳು ಇಲ್ಲೇ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾಳೆ. ಡೆಸ್ಕ್‌ಟಾಪ್ ಬೇಕು ಅಂತಿದ್ದಾಳೆ. ನನ್ನ ಹತ್ತಿರ 40 ಸಾವಿರ ಇದೆ, ಹಳೇ ಮಾನಿಟರ್ ಮನೆಯಲ್ಲೇ ಇದೆ. ಒಂದು ಅಂಗಡಿಯಲ್ಲಿ ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್ ಎಲ್ಲ ಸೇರಿ 28 ಸಾವಿರ ಅಂದರು. ಇನ್ನೊಬ್ಬರು ನಲವತ್ತಕ್ಕೆ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಬರೋದೇ ಇಲ್ಲ ಅಂತಾರೆ. ಯಾರನ್ನು ನಂಬಲಿ?

ಎರಡನೆಯವರನ್ನು.

ಮೊದಲನೆಯವರು ಸುಳ್ಳು ಹೇಳಿದ್ದಾರೆ ಅಂತ ಅಲ್ಲ. ಅವರು ಹೇಳಿದ್ದೆಲ್ಲ ನಿಜವೇ ಇರಬಹುದು, ಹೇಳದೆ ಬಿಟ್ಟದ್ದರಲ್ಲಿ ವಿಷಯ ಇದೆ. ಐ7 ಅಂದರು, ಯಾವ ಜನರೇಶನ್ ಅಂತ ಹೇಳಿದರಾ? ಈ ರೇಟಿಗೆ ಬರುವ ಐ7 ಬಹುತೇಕ 3770 ಆಗಿರುತ್ತದೆ, ಇಲ್ಲವೇ ಅದರ ಅಣ್ಣತಮ್ಮಂದಿರು. 3770 ಬಂದಿದ್ದು 2012ರಲ್ಲಿ. ನಿಮ್ಮ ಮಗಳು ಆಗ ಇನ್ನೂ ಪ್ರೈಮರಿ ಸ್ಕೂಲಿನಲ್ಲಿ ಇದ್ದಳು. ಅದರಲ್ಲಿ ನಾಲ್ಕು ಕೋರ್ (ಕೆಲಸ ಮಾಡುವ ಘಟಕ), ಎಂಟು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). 2022ರಲ್ಲಿ ಬಂದ ಐ3 12100ರಲ್ಲೂ ನಾಲ್ಕು ಕೋರ್, ಎಂಟು ಥ್ರೆಡ್ಡೇ ಇರೋದು, ಆದರೆ ಕೆಲಸದಲ್ಲಿ ಈ ಐ3 ಆ ಐ7ನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ಹೆಸರಿನ ಏಳು, ಮೂರು ನೋಡಿ ಮೋಸ ಹೋಗಬೇಡಿ, ಅದರ ಮುಂದಿನ ನಂಬರ್ ಕೇಳಿ. ಕೇಳಿದ ಮೇಲೂ “ಅದೆಲ್ಲ ಯಾಕ್ ಸಾರ್, ಮೆಷಿನ್ ಸೂಪರ್ ಫಾಸ್ಟ್” ಅಂದರೆ ಎದ್ದು ಬನ್ನಿ.

ಇನ್ನೊಂದು ಮುಖ್ಯ ವಿಷಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಸುಮಾರು ಎಂಟನೇ ಜನರೇಶನ್‌ನಿಂದ ಈಚೆಗಿನದ್ದು ಬೇಕು. ಆ ಹಳೇ ಐ7ಗೆ ಅಡ್ಡದಾರಿಯಲ್ಲಿ 11 ಹಾಕಿ ಕೊಡುತ್ತಾರೆ, ಓಡುತ್ತದೆ ಕೂಡ. ನಾಳೆ ಯಾವುದೋ ಅಪ್‌ಡೇಟ್ ಬಂದು ನಿಂತರೆ ಯಾರನ್ನು ಕೇಳ್ತೀರಿ?

ಆ 4 ಜಿಬಿ ಗ್ರಾಫಿಕ್ಸ್ ಕಾರ್ಡ್ ಕಥೆಯೂ ಹೀಗೇ. ಹೆಚ್ಚಾಗಿ ಅದು ಜಿಟಿ 730 ಇರುತ್ತದೆ, 2014ರ ಮಾಲು. 4 ಜಿಬಿ ಅನ್ನೋದು ಬರೀ ಗೋಡೌನಿನ ಅಳತೆ, ಒಳಗೆ ಕೆಲಸ ಮಾಡುವವರು ಎಷ್ಟು ಜನ ಅಂತ ಅದು ಹೇಳಲ್ಲ. ಇವತ್ತಿನ ಕೆಲವು ಪ್ರೊಸೆಸರ್‌ಗಳ ಒಳಗೇ ಬರುವ ಗ್ರಾಫಿಕ್ಸ್ ಆ ಕಾರ್ಡಿಗಿಂತ ಜೋರಾಗಿದೆ. ಅಂದರೆ ಬೇಡದ ಸಾಮಾನಿಗೆ ದುಡ್ಡು ಕೊಟ್ಟು, ಕರೆಂಟ್ ಬಿಲ್ಲನ್ನೂ ಕೊಟ್ಟ ಹಾಗೆ.

ಹಾಗಾದರೆ 40 ಸಾವಿರದಲ್ಲಿ ಏನು ಮಾಡೋದು? ನನ್ನ ಸಲಹೆ ಒಂದೇ. ಈಗ ಕಾರ್ಡ್ ಬೇಡ. ಆದರೆ ಮುಂದೆ ಯಾವತ್ತಾದರೂ ಕಾರ್ಡ್ ಹಾಕಿದರೆ ತಡೆದುಕೊಳ್ಳುವ ಹಾಗೆ ಉಳಿದದ್ದನ್ನು ಕಟ್ಟಿ. ಎರಡನೇ ವರ್ಷದ ಕೆಲಸಕ್ಕೆ, ಅಂದರೆ ಪೈಥಾನ್, ಜಾವಾ, ಆಟೋಕ್ಯಾಡ್‌ನ 2ಡಿ ಡ್ರಾಯಿಂಗ್, ರಿಪೋರ್ಟ್, ಯೂಟ್ಯೂಬ್ ಇವಕ್ಕೆಲ್ಲ ಬೇರೆ ಕಾರ್ಡ್ ಬೇಕಾಗಿಲ್ಲ. ಮಷಿನ್ ಲರ್ನಿಂಗ್ ಅಂತ ಪ್ರಾಜೆಕ್ಟ್ ಬಂದರೆ ಎನ್‌ವಿಡಿಯಾ ಕಾರ್ಡ್ ಬೇಕು ಅಂತ ಹುಡುಗರು ಹಟ ಹಿಡೀತಾರೆ, ಶುರುವಿಗೆ ಗೂಗಲ್ ಕೊಲ್ಯಾಬ್ (ಇಂಟರ್ನೆಟ್ ಮೂಲಕ ಗೂಗಲ್ ಕಂಪ್ಯೂಟರ್ ಬಳಸುವ ಸೌಲಭ್ಯ) ಪುಕ್ಕಟೆ ಸಿಗುತ್ತದೆ, ಅದರಲ್ಲೇ ಕಲಿಯಲಿ.

ಪ್ರೊಸೆಸರ್‌ಗೆ ನನ್ನ ಆಯ್ಕೆ ಎಎಂಡಿ ರೈಜನ್ 5 5600ಜಿ. ಆರು ಕೋರ್, ಹನ್ನೆರಡು ಥ್ರೆಡ್, 65 ವ್ಯಾಟ್, ಗ್ರಾಫಿಕ್ಸ್ ಒಳಗೇ ಇದೆ. ಕೊನೆಯ ಆ ‘ಜಿ’ ಅಕ್ಷರವನ್ನು ಮರೆಯಬೇಡಿ. ಬರೀ 5600 ಅಂತ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇಲ್ಲದೆ ಪರದೆ ಮೇಲೆ ಏನೂ ಬರಲ್ಲ. ಇಂಟೆಲ್‌ನಲ್ಲಿ ಇದಕ್ಕೆ ಉಲ್ಟಾ, ಕೊನೆಗೆ ‘ಎಫ್’ ಇದ್ದರೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಒಂದಕ್ಷರ ನೋಡದೆ ಸಾವಿರ ರೂಪಾಯಿ ಉಳಿಯಿತು ಅಂತ ಖುಷಿಯಲ್ಲಿ ತಂದು, ಮನೆಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತವರನ್ನು ನೋಡಿದ್ದೇನೆ. 5600ಜಿ ಬಂದಿದ್ದು 2021ರಲ್ಲಿ, ಹಳೇದಲ್ವಾ ಅಂತ ಕೇಳಬಹುದು. ಹೌದು, ಅದು ಕೂರುವ ಎಎಂ4 ಸಾಕೆಟ್ಟೂ ಹಳೇದೇ. ಹೊಸ ಎಎಂ5ಗೆ ಹೋದರೆ ಮುಂದೆ ಪ್ರೊಸೆಸರ್ ಬದಲಿಸಲು ದಾರಿ ಇರುತ್ತದೆ, ನಿಜ. ಆದರೆ ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು, ಮದರ್‌ಬೋರ್ಡೂ ತುಟ್ಟಿ. ನಲವತ್ತರಲ್ಲಿ ಎಳೆದಾಡಿ ಎಎಂ5 ಮಾಡಿದರೆ ಎಸ್‌ಎಂಪಿಎಸ್‌ನಲ್ಲಿ, ಅಂದರೆ ಮೆಷಿನ್‌ಗೆ ಕರೆಂಟ್ ಹಂಚುವ ಡಬ್ಬಿಯಲ್ಲಿ, ಕೈ ಹಿಡಿಯಬೇಕಾಗುತ್ತದೆ.

ಅದೊಂದನ್ನು ಮಾತ್ರ ಮಾಡಬೇಡಿ. ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ.

ನಾನು ಮೊದಲ ಸಲ ಕಂಪ್ಯೂಟರ್ ಜೋಡಿಸಿದಾಗ ಕ್ಯಾಬಿನೆಟ್ ಜೊತೆ ಎಸ್‌ಎಂಪಿಎಸ್ ಫ್ರೀ ಅಂದರು. 450 ವ್ಯಾಟ್ ಅಂತ ದೊಡ್ಡದಾಗಿ ಬರೆದಿತ್ತು, ಖುಷಿಯಲ್ಲಿ ತಂದೆ. ಒಂದು ವರ್ಷ ಏನೂ ಆಗಲಿಲ್ಲ. ಮೇ ತಿಂಗಳ ಒಂದು ಸಂಜೆ, ನಿಟ್ಟುವಳ್ಳಿ ಕಡೆ ಗಾಳಿ ಮಳೆ ಶುರುವಾಯಿತು, ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು, ಮೂರನೇ ಸಲ ಬಂದಾಗ ಟೇಬಲ್ ಕೆಳಗಿಂದ ಟಪ್ ಅಂತ ಒಂದು ಶಬ್ದ, ಆಮೇಲೆ ಸುಟ್ಟ ವಾಸನೆ. ಎಸ್‌ಎಂಪಿಎಸ್ ಒಂದೇ ಹೋಗಿದ್ದರೆ ಬೇಜಾರಿರಲಿಲ್ಲ. ಹೋಗುವಾಗ ಮದರ್‌ಬೋರ್ಡ್ ಮತ್ತು ಹಾರ್ಡ್ ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಯಿತು, ತಮ್ಮನ ಪ್ರಾಜೆಕ್ಟ್ ರಿಪೋರ್ಟ್ ಅದರಲ್ಲೇ ಇತ್ತು. ಅಂಗಡಿಯವರು “ಕರೆಂಟಿಂದ ಹೋಗಿದ್ದಕ್ಕೆ ವಾರಂಟಿ ಇಲ್ಲ” ಅಂದರು. ಬಿಲ್ಲೂ ಇರಲಿಲ್ಲ ಬಿಡಿ, ಬಿಲ್ ಬೇಡ ಅಂದರೆ 18 ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತೆ ಅಂತ ನಾನೇ ತಲೆ ಆಡಿಸಿದ್ದೆ.

ಆಮೇಲೆ ಸುಟ್ಟಿದ್ದನ್ನು ಒಂದು ಕೈಯಲ್ಲಿ, ಹೊಸದಾಗಿ ತಂದದ್ದನ್ನು ಇನ್ನೊಂದು ಕೈಯಲ್ಲಿ ಹಿಡಿದು ನೋಡಿದೆ. ಹಳೇದು ಮಂಡಕ್ಕಿ ಚೀಲದ ಹಾಗೆ, ಎತ್ತಿದರೆ ಎತ್ತಿದ್ದೇ ಗೊತ್ತಾಗಲ್ಲ. ಗಾಳಿ ಕಿಂಡಿಯಿಂದ ಮೊಬೈಲ್ ಟಾರ್ಚ್ ಬಿಟ್ಟರೆ ಒಳಗೆ ಕಾಯಿಲ್, ಫಿಲ್ಟರ್ ಕೂರಿಸಲು ಗುರುತು ಹಾಕಿದ ಜಾಗಗಳು ಖಾಲಿ ಬಿದ್ದಿದ್ದವು. ಸೈಟ್ ನಂಬರ್ ಇದೆ, ಮನೆಗಳೇ ಇಲ್ಲ. ನೀವೂ ಅಂಗಡಿಯಲ್ಲಿ ಎಸ್‌ಎಂಪಿಎಸ್ ಪಕ್ಕದ ಸ್ಟಿಕ್ಕರ್ ಓದಿ. 12 ವೋಲ್ಟ್ ಸಾಲಿನ ಕೆಳಗೆ ಎಷ್ಟು ಆಂಪಿಯರ್ ಅಂತ ಇರುತ್ತದೆ, ಅದನ್ನು 12ರಿಂದ ಗುಣಿಸಿ. 16 ಆಂಪಿಯರ್ ಇದ್ದರೆ 192 ವ್ಯಾಟ್, ಅಷ್ಟೇ. ಈಗಿನ ಕಂಪ್ಯೂಟರಿನ ದೊಡ್ಡ ಹಸಿವೆಲ್ಲ ಆ 12 ವೋಲ್ಟಿನದ್ದೇ, ಮೇಲೆ 450 ಅಂತ ಬರೆದರೂ ಕೈಗೆ ಬರೋದು ಇಷ್ಟೇ. ಒಳ್ಳೆಯ 450ರಲ್ಲಿ ಇದು 36–37 ಆಂಪಿಯರ್ ಆಸುಪಾಸು ಇರುತ್ತದೆ. ಹೆಸರಿರುವ ಕಂಪನಿಯದ್ದು, 80 ಪ್ಲಸ್ ಬ್ರಾಂಜ್ (ಕರೆಂಟ್ ಪೋಲು ಕಡಿಮೆ ಅನ್ನುವ ಗುರುತು), 550 ವ್ಯಾಟ್, ಬಿಲ್ಲಿನಲ್ಲಿ ಸೀರಿಯಲ್ ನಂಬರ್. ಇದಕ್ಕೆ ನಾಲ್ಕು ಸಾವಿರ ಎತ್ತಿಟ್ಟು, ಉಳಿದ ದುಡ್ಡಿನಲ್ಲಿ ಬೇರೆಯದನ್ನು ಯೋಚಿಸಿ. 5600ಜಿ ಮೆಷಿನ್‌ಗೆ ಅಷ್ಟು ವ್ಯಾಟ್ ಬೇಕೇ ಅಂದರೆ ಈಗ ಬೇಡ, 150 ವ್ಯಾಟ್ ದಾಟುವುದೂ ಕಷ್ಟ. ಮುಂದೆ ಬರುವ ಕಾರ್ಡಿಗೆ ಆ ಜಾಗ.

ಕರೆಂಟ್ ಮಾತು ಬಂದಾಗ ಇದನ್ನೂ ಹೇಳಿಬಿಡುತ್ತೇನೆ. ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಅನ್ನುತ್ತಿದ್ದರೆ ಮೆಷಿನ್ ಕೆಟ್ಟಿದೆ ಅಂತಲ್ಲ, ಸಾಮಾನ್ಯವಾಗಿ ನಿಮ್ಮ ಪ್ಲಗ್ಗಿಗೆ ಅರ್ತಿಂಗ್ ಇರಲ್ಲ. ಮೊದಲು ಎಲೆಕ್ಟ್ರಿಷಿಯನ್‌ನ ಕರೆಸಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇದೆಯಾ ನೋಡಿ, ಅದನ್ನು ಆ ಕಡೆ ಹಾಕಿದರೆ ಕರೆಂಟ್ ಹೋದಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗದೆ ಉಳಿಯುವ ಸಾಧ್ಯತೆ ಜಾಸ್ತಿ. ಇನ್ವರ್ಟರ್ ಇಲ್ಲ ಅಂದರೆ 600 ವಿಎ ಯುಪಿಎಸ್ ಸಾಕು, ಅದು ಸುಮಾರು 360 ವ್ಯಾಟ್ ಹೊರುತ್ತದೆ, ಫೈಲ್ ಸೇವ್ ಮಾಡಿ ಮುಚ್ಚುವಷ್ಟು ಟೈಮ್ ಸಿಗುತ್ತದೆ.

ಈಗ ರ‍್ಯಾಮ್. ಇಲ್ಲೇ ಈಗ ಎಲ್ಲರ ಬಜೆಟ್ ಎಡವುತ್ತಿರೋದು. 16 ಜಿಬಿ ಡಿಡಿಆರ್4 ಮೂರು ಮೂರೂವರೆ ಸಾವಿರಕ್ಕೆ ಸಿಗುತ್ತಿದ್ದ ಕಾಲ ಇತ್ತು. 2025ರ ಕೊನೆ ಹೊತ್ತಿಗೆ ಅದು ದುಪ್ಪಟ್ಟು ದಾಟಿತು. ಚಿಪ್ ಮಾಡುವ ದೊಡ್ಡ ಕಂಪನಿಗಳು ಎಐ ಡೇಟಾ ಸೆಂಟರ್‌ಗಳಿಗೆ ಬೇಕಾದ ಮೆಮೊರಿ ಕಡೆ ತಿರುಗಿಕೊಂಡವು, ನಮಗೆ ಉಳಿದಿದ್ದು ಕಡಿಮೆ. ಹಾಗಂತ 8 ಜಿಬಿಯ ಒಂದೇ ಕಡ್ಡಿ ಹಾಕಿ ಸುಮ್ನಾಗೋಣ ಅಂದರೆ 5600ಜಿ ವಿಷಯದಲ್ಲಿ ಎರಡು ತೊಂದರೆ ಇದೆ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಈ ರ‍್ಯಾಮ್‌ನಿಂದಲೇ ಸಾಲ ತೆಗೆಯುತ್ತದೆ, 8ರಲ್ಲಿ ನಿಮಗೆ ಉಳಿಯೋದು ಇನ್ನೂ ಕಮ್ಮಿ. ಎರಡನೆಯದು, ಒಂದೇ ಕಡ್ಡಿ ಇದ್ದರೆ ದಾರಿಯೂ ಒಂದೇ. 8ರ ಎರಡು ಕಡ್ಡಿ ಹಾಕಿದರೆ ಎರಡು ದಾರಿಯಲ್ಲಿ ಓಡುತ್ತದೆ, ಗ್ರಾಫಿಕ್ಸ್‌ನಲ್ಲಿ ಅದರ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಹಾಗಾಗಿ 16 ಜಿಬಿಯ ಒಂದು ಕಡ್ಡಿಗಿಂತ 8ರ ಜೋಡಿ ತಗೊಳ್ಳಿ, 3200ರ ವೇಗದ್ದು. ಸೆಕೆಂಡ್ ಹ್ಯಾಂಡ್ ಏನಾದರೂ ತಗೊಳ್ಳಬಹುದು ಅಂದರೆ ನಾನು ಹೇಳೋದು ರ‍್ಯಾಮ್ ಒಂದನ್ನೇ. ತಿರುಗುವ ಭಾಗ ಇಲ್ಲ, ಸವೆಯುವುದಿಲ್ಲ, ಮೆಮ್‌ಟೆಸ್ಟ್ ಅನ್ನುವ ಪುಕ್ಕಟೆ ಪ್ರೋಗ್ರಾಂ ಹಾಕಿ ಒಂದು ರಾತ್ರಿ ಬಿಟ್ಟರೆ ಅದರ ಬಂಡವಾಳ ಗೊತ್ತಾಗುತ್ತದೆ. ಹಳೇ ಎಸ್‌ಎಸ್‌ಡಿ (ಫೈಲ್ ಇಡುವ, ತಿರುಗದ ಡಿಸ್ಕ್), ಹಳೇ ಎಸ್‌ಎಂಪಿಎಸ್ ಮಾತ್ರ ಬೇಡವೇ ಬೇಡ.

ಬೋರ್ಡ್ ಎ520 ಆದರೂ ನಡೆಯುತ್ತದೆ, ಒಂದು ಸಾವಿರ ಜಾಸ್ತಿ ಇದ್ದರೆ ಬಿ550. ಎಸ್‌ಎಸ್‌ಡಿ ಎನ್‌ವಿಎಂಇ (ಹೆಚ್ಚು ವೇಗದ ಬಗೆ) ಇರಲಿ, 500 ಜಿಬಿ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ಹೆಚ್ಚೆಂದರೆ ನೂರೈವತ್ತು ಇನ್ನೂರು ಎಂಬಿ ಓದಿದರೆ ಇದು ಸಾವಿರಗಳಲ್ಲಿ ಓದುತ್ತದೆ, ವಿಂಡೋಸ್ ಕಣ್ಣು ಮಿಟುಕಿಸುವಷ್ಟರಲ್ಲಿ ಏಳುತ್ತದೆ.

ಲೆಕ್ಕ ಹಾಕೋಣ. ಪ್ರೊಸೆಸರ್ 12, ಬೋರ್ಡ್ 7, ಎಸ್‌ಎಂಪಿಎಸ್ 4, ಕ್ಯಾಬಿನೆಟ್ 3, ಒಟ್ಟು 26 ಸಾವಿರ. ಉಳಿದ 14 ಸಾವಿರ ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ. ರೇಟ್ ವಾರಕ್ಕೊಂದು ಥರ ಇರುತ್ತದೆ, ಹೋಗುವ ದಿನ ಬೆಳಗ್ಗೆ ಆನ್‌ಲೈನ್‌ನಲ್ಲಿ ಒಂದು ಸಲ ನೋಡಿಕೊಂಡು ಹೋಗಿ. ಸಾಲದೇ ಬಂದರೆ ಕ್ಯಾಬಿನೆಟ್‌ನಲ್ಲಿ ಉಳಿಸಿ, ಬಣ್ಣದ ಲೈಟ್, ಗಾಜಿನ ಮುಖ ಎಲ್ಲ ಬೇಡ. ಮುಂದೆ ಜಾಲರಿ ಇದ್ದು ಗಾಳಿ ಆಡಿದರೆ ಸಾಕು. ನಮ್ಮೂರಲ್ಲಿ ಏಪ್ರಿಲ್‌ನಲ್ಲಿ ಫ್ಯಾನ್ ಕೆಳಗೆ ಕೂತವರಿಗೇ ಬೆವರು ನಿಲ್ಲಲ್ಲ, ಗಾಜಿನ ಡಬ್ಬಿಯೊಳಗೆ ಕೂತ ಪ್ರೊಸೆಸರ್ ಪಾಡು ಕೇಳಬೇಡಿ. ಜಾಲರಿಗೆ ಧೂಳಿನ ಫಿಲ್ಟರ್ ಇರಲಿ. ಮಂಡಕ್ಕಿ ಭಟ್ಟಿ ಕಡೆ ಇರುವ ಗೆಳೆಯನ ಮೆಷಿನ್ ಬಿಚ್ಚಿದಾಗ ಫ್ಯಾನಿನ ರೆಕ್ಕೆ ಮೇಲೆ ಮಸಿ ಎಷ್ಟು ದಪ್ಪ ಕೂತಿತ್ತೆಂದರೆ ಉಗುರಿನಲ್ಲಿ ಗೀರಿ ಹೆಸರು ಬರೆಯಬಹುದಿತ್ತು.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಕಡಿಮೆಗೆ ಸಿಗಲ್ವಾ? ಸ್ವಲ್ಪ ಸಿಗುತ್ತದೆ. ಆದರೆ 260 ಕಿಲೋಮೀಟರ್ ಹೋಗಿ ಬರುವ ಖರ್ಚು, ಒಂದು ದಿನ, ಆಮೇಲೆ ಏನಾದರೂ ಕೆಟ್ಟರೆ ಮತ್ತೆ ಅಲ್ಲಿಗೇ. ನಾನಾದರೆ ಪ್ರೊಸೆಸರ್, ಬೋರ್ಡ್, ಎಸ್‌ಎಂಪಿಎಸ್ ಮೂರನ್ನು ಪಿ.ಬಿ. ರಸ್ತೆ ಆಸುಪಾಸಿನ ಅಂಗಡಿಯಲ್ಲೇ ಬಿಲ್ ಸಮೇತ ತಗೊಳ್ಳುತ್ತೇನೆ, ಐನೂರು ಜಾಸ್ತಿ ಆದರೂ ಪರವಾಗಿಲ್ಲ. ಪ್ರೊಸೆಸರ್ ಬಾಕ್ಸ್ ಸಮೇತ ಕೇಳಿ, ಬಾಕ್ಸಿನದ್ದಕ್ಕೆ ಮೂರು ವರ್ಷ ವಾರಂಟಿ, ಫ್ಯಾನೂ ಜೊತೆಗೆ ಬರುತ್ತದೆ. ಬಿಡಿಯಾಗಿ ಕೊಡುವ ಟ್ರೇ ಪೀಸಿಗೆ ಎರಡೂ ಇರಲ್ಲ.

ಜೋಡಿಸುವುದನ್ನು ಮಗಳೇ ಮಾಡಲಿ, ಅಷ್ಟೇನೂ ಕಷ್ಟ ಇಲ್ಲ. ಮೊದಲ ಸಲ ಆನ್ ಮಾಡಿದಾಗ ಫ್ಯಾನ್ ತಿರುಗಿ ಪರದೆ ಕಪ್ಪಗೇ ಇದ್ದರೆ ಗಾಬರಿ ಬೇಡ. ರ‍್ಯಾಮ್ ಕಡ್ಡಿ ಪೂರ್ತಿ ಕೂತಿರಲ್ಲ, ಎರಡೂ ತುದಿ ಒತ್ತಿದರೆ ಟಕ್ ಅನ್ನಬೇಕು. ಇಲ್ಲವೇ ಪ್ರೊಸೆಸರ್ ಪಕ್ಕದ ಎಂಟು ಪಿನ್ನಿನ ವೈರ್ ಹಾಕುವುದು ಮರೆತಿರುತ್ತದೆ. ಚಾಲೂ ಆದ ಮೇಲೆ ಬಯೋಸ್‌ಗೆ (ಬೋರ್ಡಿನ ಸ್ವಂತ ಸೆಟ್ಟಿಂಗ್ ಪುಟ) ಹೋಗಿ ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಆಯ್ಕೆ) ಆನ್ ಮಾಡಿ. ಇಲ್ಲದಿದ್ದರೆ ದುಡ್ಡು ಕೊಟ್ಟ 3200ರ ರ‍್ಯಾಮ್ 2400ರಲ್ಲೋ 2666ರಲ್ಲೋ ಓಡುತ್ತಾ ಕೂರುತ್ತದೆ.

ಅಂದ ಹಾಗೆ, ಮನೆಯಲ್ಲಿರುವ ಆ ಹಳೇ ಮಾನಿಟರ್ ಹಿಂದೆ ಯಾವ ಕಿಂಡಿ ಇದೆ ಅಂತ ಇವತ್ತೇ ನೋಡಿಡಿ. ನೀಲಿ ಬಣ್ಣದ ವಿಜಿಎ ಒಂದೇ ಇದ್ದರೆ, ಅದೇ ಕಿಂಡಿ ಇರುವ ಬೋರ್ಡ್ ಕೇಳಿ ತಗೊಳ್ಳಿ. ಕೆಲವು ಎ520 ಬೋರ್ಡ್‌ಗಳಲ್ಲಿ ಇರುತ್ತದೆ, ಎಲ್ಲದರಲ್ಲೂ ಇಲ್ಲ.