ಸಿಲಿಕಾನ್ ಟೀನ್ಸ್: ಇಲ್ಲದ ನಾಲ್ವರ ಬ್ಯಾಂಡ್

1980ರಲ್ಲಿ ಲಂಡನ್ನಿನ ಮ್ಯೂಟ್ ರೆಕಾರ್ಡ್ಸ್ ‘ಮ್ಯೂಸಿಕ್ ಫಾರ್ ಪಾರ್ಟೀಸ್’ ಅನ್ನೋ ಆಲ್ಬಂ ಹೊರತಂದಿತು. ಬ್ಯಾಂಡಿನ ಹೆಸರು ಸಿಲಿಕಾನ್ ಟೀನ್ಸ್. ಸದಸ್ಯರು ನಾಲ್ವರು. ಹಾಡುವವನು ಡ್ಯಾರಿಲ್, ಸಿಂಥಸೈಜರ್ (ವಿದ್ಯುತ್ತಿನಿಂದ ದನಿ ಹುಟ್ಟಿಸುವ ಕೀಬೋರ್ಡ್) ನುಡಿಸುವವರು ಜ್ಯಾಕಿ ಮತ್ತು ಡಯಾನ್, ಎಲೆಕ್ಟ್ರಾನಿಕ್ ತಾಳ ಪಾಲ್‌ನದು. ಬರೀ ಇಷ್ಟೇ ಹೆಸರು, ಹಿಂದೆ ಮುಂದೆ ಏನಿಲ್ಲ. ಯಾಕೆಂದರೆ ಈ ನಾಲ್ವರಲ್ಲಿ ಒಬ್ಬರೂ ನಿಜವಾಗಿ ಇರಲಿಲ್ಲ. ಹಾಡಿದ್ದು, ನುಡಿಸಿದ್ದು, ಬ್ಯಾಂಡನ್ನೇ ಹುಟ್ಟಿಸಿದ್ದು ಎಲ್ಲಾ ಡೇನಿಯಲ್ ಮಿಲ್ಲರ್, ಮ್ಯೂಟ್ ಕಂಪನಿಯ ಸ್ಥಾಪಕ.

ಇಂಥದ್ದನ್ನು ಕಲ್ಪಿತ ಬ್ಯಾಂಡ್ ಅನ್ನಬಹುದು. ಇದು ಕಾವ್ಯನಾಮದಂಥದ್ದು ಅಂತ ಮೊದಲು ಅನ್ನಿಸುತ್ತದೆ. ಆದರೆ ಕಾವ್ಯನಾಮದಲ್ಲಿ ಬರೆಯುವವರು ಒಬ್ಬರು, ಹೆಸರೂ ಒಂದೇ. ಇಲ್ಲಿ ಮಾಡುವವನು ಒಬ್ಬ, ಹೆಸರು ನಾಲ್ಕು. ನನಗೆ ಹತ್ತಿರದ್ದು ಅನ್ನಿಸುವುದು ನಮ್ಮ ಏಕಪಾತ್ರಾಭಿನಯ. ಒಬ್ಬನೇ ನಟ ದನಿ ಬದಲಿಸಿ, ನಿಲುವು ಬದಲಿಸಿ ಇಡೀ ಮನೆಮಂದಿಯನ್ನು ರಂಗಕ್ಕೆ ತರುತ್ತಾನಲ್ಲ, ಹಾಗೆ. ವ್ಯತ್ಯಾಸ ಏನೆಂದರೆ ಅಲ್ಲಿ ನಟ ನಮ್ಮ ಕಣ್ಣೆದುರೇ ಇರುತ್ತಾನೆ. ಇಲ್ಲಿ ಅವನೇ ಕಾಣುವುದಿಲ್ಲ.

ಹೆಸರನ್ನು ಬಿಡಿಸಿ ನೋಡೋಣ. ‘ಟೀನ್ಸ್’ ಅಂದರೆ ಹದಿಮೂರರಿಂದ ಹತ್ತೊಂಬತ್ತರ ಹುಡುಗ ಹುಡುಗಿಯರು. ಸಿಲಿಕಾನ್ ನಮಗೆ ಹೊಸ ಪದವಲ್ಲ. ಬೆಂಗಳೂರನ್ನು ಸಿಲಿಕಾನ್ ಸಿಟಿ ಅಂತ ಕರೆದು ಕರೆದು ಅದು ಒಂದು ವಸ್ತುವಿನ ಹೆಸರು ಅನ್ನೋದೇ ಮರೆತುಹೋಗಿದೆ. ಮರಳಿನಲ್ಲಿ ಇರುವುದು ಅದೇ, ಚಿಪ್ ತಯಾರಾಗುವುದೂ ಅದರಿಂದಲೇ. ಅಲ್ಲಿಗೆ ಸಿಲಿಕಾನ್ ಟೀನ್ಸ್ ಅಂದರೆ ಚಿಪ್ ಕಾಲದ ಹುಡುಗರು. ಆಲ್ಬಂನ ಒಂದು ಹಾಡಿನ ಹೆಸರೇ ‘ಚಿಪ್ ಎನ್ ರೋಲ್’. ರಾಕ್ ಎನ್ ರೋಲ್‌ನಲ್ಲಿ ರಾಕ್ ತೆಗೆದು ಆ ಜಾಗದಲ್ಲಿ ಚಿಪ್ ಇಟ್ಟಿದ್ದಾರೆ.

ಮಿಲ್ಲರ್ ಹುಟ್ಟಿದ್ದು 1951ರಲ್ಲಿ. ಸಿನಿಮಾ ಎಡಿಟಿಂಗ್ ಕೆಲಸ ಮಾಡುತ್ತಿದ್ದರು. ಸೆಕೆಂಡ್ ಹ್ಯಾಂಡ್ ಕೊರ್ಗ್ 700ಎಸ್ ಸಿಂಥಸೈಜರ್ ಒಂದನ್ನು ಕೊಂಡು, 1978ರಲ್ಲಿ ಮನೆಯಲ್ಲೇ ಕೂತು ಎರಡು ಹಾಡು ರೆಕಾರ್ಡ್ ಮಾಡಿದರು. ಅದನ್ನು ‘ದ ನಾರ್ಮಲ್’ ಅನ್ನೋ ಹೆಸರಿನಲ್ಲಿ ಹೊರತಂದರು. ಮ್ಯೂಟ್‌ನ ಮೊದಲ ರೆಕಾರ್ಡ್ ಅದು. ಆ ಹೆಸರೂ ಬ್ಯಾಂಡಿನ ಹೆಸರಿನ ಹಾಗೇ ಕೇಳುತ್ತದೆ, ಅಲ್ವಾ? ಅಲ್ಲೂ ಇದ್ದದ್ದು ಅವರೊಬ್ಬರೇ.

ಒಬ್ಬನೇ ಇಡೀ ಬ್ಯಾಂಡ್ ಆಗುವುದು ಹೇಗೆ? ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಾರ್ಮೋನಿಯಂನಲ್ಲಿ ಮೂರು ಕೀ ಒಟ್ಟಿಗೆ ಒತ್ತಿದರೆ ಮೂರು ಸ್ವರವೂ ಕೇಳುತ್ತವೆ. ಕೊರ್ಗ್ 700ಎಸ್ ಥರದ ಸಿಂಥಸೈಜರ್‌ನಲ್ಲಿ ಹಾಗಾಗುವುದಿಲ್ಲ. ಎಷ್ಟು ಕೀ ಒತ್ತಿದರೂ ಒಂದು ಸಲಕ್ಕೆ ಹೊರಡುವುದು ಒಂದೇ ಸ್ವರ. ಹಾಗಾಗಿ ಪದರ ಪದರವಾಗಿ ಕಟ್ಟಬೇಕು. ಒಂದು ಸಲ ತಾಳವನ್ನು ಟೇಪಿಗೆ ತುಂಬಿಸು. ಅದನ್ನು ಕೇಳುತ್ತಾ ಕೆಳಗಿನ ದಪ್ಪ ಸ್ವರಗಳನ್ನು ನುಡಿಸು. ಅದರ ಮೇಲೆ ಹಾಡಿನ ಮಟ್ಟು. ಕೊನೆಗೆ ದನಿ. ಹೀಗೆ ತುಂಬುತ್ತಾ ಹೋದಾಗ ಪ್ರತಿ ಪದರವೂ ಬೇರೆ ಯಾರೋ ನುಡಿಸಿದ ಹಾಗೆ ಕೇಳಿಸತೊಡಗುತ್ತದೆ. ಇದು ಜ್ಯಾಕಿಯದು, ಇದು ಡಯಾನ್‌ಳದು ಅಂತ ಹೆಸರಿಡುವುದಕ್ಕೆ ಆಮೇಲೆ ಜಾಸ್ತಿ ದೂರ ಹೋಗಬೇಕಿಲ್ಲ.

ಸಿಂಥ್‌ಪಾಪ್ ಅಂದರೆ ಸುಮಾರಾಗಿ ಇದೇ: ಗಿಟಾರ್ ಬದಲು ಸಿಂಥಸೈಜರ್ ಮುಂದೆ ನಿಂತಿರುವ ಪಾಪ್ ಹಾಡು. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಒಬ್ಬ ಕೀಬೋರ್ಡ್‌ನವರೇ ಪಿಟೀಲು, ಕೊಳಲು ಎಲ್ಲಾ ನುಡಿಸಿಬಿಡುವುದನ್ನು ನಾವು ಕಂಡಿದ್ದೇವೆ. ಅಲ್ಲಿ ಕೀಬೋರ್ಡು ಬೇರೆ ವಾದ್ಯಗಳ ದನಿ ಮಾಡುತ್ತದೆ. ಸಿಂಥ್‌ಪಾಪ್‌ನವರಿಗೆ ಅದು ಬೇಕಿರಲಿಲ್ಲ. ಯಂತ್ರಕ್ಕೆ ಅದರದ್ದೇ ದನಿ ಇದೆ, ಅದೇ ಕೇಳಲಿ ಅನ್ನೋದು ಅವರ ಆಸೆ.

ಮಿಲ್ಲರ್ ತಲೆಯಲ್ಲಿ ಓಡುತ್ತಿದ್ದ ಪ್ರಶ್ನೆ ಸರಳ. ಹುಡುಗರು ಬ್ಯಾಂಡ್ ಕಟ್ಟಲು ಹೊರಟಾಗ ಮೊದಲು ಕೈಗೆತ್ತಿಕೊಳ್ಳುವುದು ಗಿಟಾರ್ ಆಗಿರದೆ ಸಿಂಥಸೈಜರ್ ಆಗಿದ್ದರೆ? ಅಂಥ ಬ್ಯಾಂಡ್ ಎಲ್ಲೂ ಕಾಣಲಿಲ್ಲ, ಅದಕ್ಕೇ ತಾವೇ ಕಲ್ಪಿಸಿಕೊಂಡರು. ಹಾಡುಗಳ ಆಯ್ಕೆಯೂ ಅದಕ್ಕೆ ತಕ್ಕ ಹಾಗಿದೆ. ಹೊಸದಾಗಿ ಕಲಿಯುವ ಹುಡುಗರು ಎಲ್ಲರಿಗೂ ಗೊತ್ತಿರುವ ಹಾಡಿನಿಂದಲೇ ಶುರು ಮಾಡುವುದಲ್ವಾ? ಇವರೂ ಹಾಗೇ. ಆಲ್ಬಂ ತುಂಬ ಹೆಚ್ಚಾಗಿ ಐವತ್ತು ಅರವತ್ತರ ದಶಕದ ಹಾಡುಗಳು, ನಡುನಡುವೆ ಕೆಲವು ಮಿಲ್ಲರ್ ಅವರದೇ.

ಸಿಲಿಕಾನ್ ಟೀನ್ಸ್ ಹೆಸರಿನ ಮೊದಲ ಸಿಂಗಲ್, ಅಂದರೆ ಬಿಡಿ ಹಾಡಿನ ರೆಕಾರ್ಡ್, 1979ರ ‘ಮೆಂಫಿಸ್ ಟೆನೆಸೀ’. ಮೂಲ ಚಕ್ ಬೆರಿ ಅವರದು, 1959ರದ್ದು. ಒಬ್ಬ ಟೆಲಿಫೋನ್ ಆಪರೇಟರ್ ಹತ್ತಿರ ಮೆಂಫಿಸ್ ಊರಿನ ಮರೀ ಅನ್ನುವವಳಿಗೆ ಫೋನ್ ಸೇರಿಸಿಕೊಡಿ ಅಂತ ಬೇಡಿಕೊಳ್ಳುತ್ತಾನೆ. ಪ್ರಿಯತಮೆ ಇರಬೇಕು ಅಂದುಕೊಂಡು ಕೇಳುತ್ತಿರುತ್ತೇವೆ. ಕೊನೆಗೆ ಗೊತ್ತಾಗುತ್ತದೆ, ಮರೀ ಅವನ ಮಗಳು, ಅವಳಿಗೆ ಬರೀ ಆರು ವರ್ಷ. ಬೆರಿಯವರದ್ದು ಗಿಟಾರ್ ಹಾಡು. ಮಿಲ್ಲರ್ ಅದನ್ನು ಪುಟ್ಟ ಪುಟ್ಟ ಬೀಪ್ ದನಿಗಳ ಮೇಲೆ, ಏರಿಳಿತವೇ ಇಲ್ಲದ ದನಿಯಲ್ಲಿ ಹಾಡುತ್ತಾರೆ. ಟೆಲಿಫೋನಿನ ಹಾಡಿಗೆ ಯಂತ್ರದ ಸದ್ದು ಎಷ್ಟು ಚೆನ್ನಾಗಿ ಒಗ್ಗುತ್ತದೆ! ದನಿಯಲ್ಲಿ ದುಃಖ ತೋರಿಸದೇ ಇರುವುದರಿಂದಲೇ ಆ ಆರು ವರ್ಷದ ಮಗು ನನ್ನ ಮನಸ್ಸಿಗೆ ಇನ್ನೂ ಜಾಸ್ತಿ ನಾಟಿತು.

ನಿರ್ಮಾಪಕರ ಜಾಗದಲ್ಲೂ ಮಿಲ್ಲರ್ ತಮ್ಮ ಹೆಸರು ಹಾಕಿಕೊಳ್ಳಲಿಲ್ಲ, ‘ಲ್ಯಾರಿ ಲೀಸ್ಟ್’ ಅಂತ ಹಾಕಿದರು. ಆಗ ಇಂಗ್ಲೆಂಡಿನಲ್ಲಿ ಮಿಕಿ ಮೋಸ್ಟ್ ಅನ್ನೋ ದೊಡ್ಡ ನಿರ್ಮಾಪಕರಿದ್ದರು. ಮೋಸ್ಟ್ ಅಂದರೆ ಅತಿ ಹೆಚ್ಚು, ಲೀಸ್ಟ್ ಅಂದರೆ ಅತಿ ಕಡಿಮೆ. ಪತ್ರಿಕೆಯವರ ಮುಂದೆ ಬ್ಯಾಂಡಿನವರಾಗಿ ನಟರನ್ನು ಕೂರಿಸಿದರು. ವಿಡಿಯೋದಲ್ಲಿ ಡ್ಯಾರಿಲ್ ಆಗಿ ಕಾಣಿಸಿಕೊಂಡವರು ಫ್ರ್ಯಾಂಕ್ ಟೋವಿ, ಫ್ಯಾಡ್ ಗ್ಯಾಜೆಟ್ ಹೆಸರಿನಲ್ಲಿ ಮ್ಯೂಟ್‌ಗೇ ಹಾಡುತ್ತಿದ್ದವರು.

ಇದು ಮೋಸ ಅಲ್ವಾ ಅಂತ ಕೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕಾದಂಬರಿಕಾರರು ಇಲ್ಲದ ಮನುಷ್ಯರನ್ನು ಸೃಷ್ಟಿಸಿದರೆ ನಾವು ಮೆಚ್ಚಿ ಓದುತ್ತೇವೆ. ಸಂಗೀತ ಮಾಡುವವರಿಗೂ ಆ ಹಕ್ಕು ಇದೆ.

ಇಂಥ ಬ್ಯಾಂಡುಗಳು ಇನ್ನೂ ಇವೆ. 1969ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ ‘ಶುಗರ್ ಶುಗರ್’ ಹಾಡಿನ ಆರ್ಚೀಸ್ ಕಾರ್ಟೂನ್ ಹುಡುಗರ ಬ್ಯಾಂಡ್. ಹಿಂದಿನ ದನಿ ರಾನ್ ಡಾಂಟೆ ಅವರದು. ಡೇಮನ್ ಆಲ್ಬರ್ನ್ ಮತ್ತು ಜೇಮೀ ಹ್ಯೂಲೆಟ್ ಸೇರಿ ಕಟ್ಟಿದ ಗೊರಿಲಾಜ್ ಕೂಡ ಕಾರ್ಟೂನ್ ಬ್ಯಾಂಡೇ. ಚಿತ್ರದ ರೂಪದಲ್ಲೇ ಬರುವ ಇವನ್ನು ವರ್ಚುಯಲ್ ಬ್ಯಾಂಡ್ ಅನ್ನುತ್ತಾರೆ. ಅಲ್ಲಿ ಇವರು ನಿಜವಲ್ಲ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಸಿಲಿಕಾನ್ ಟೀನ್ಸ್ ಹಾಗಲ್ಲ, ಪಕ್ಕದ ಬೀದಿಯಲ್ಲೇ ಇರಬಹುದಾದ ಹುಡುಗರು.

ಹಾಗೇ ಆಯಿತು ಕೂಡ. 1980ರ ಕೊನೆಯಲ್ಲಿ ಪೂರ್ವ ಲಂಡನ್ನಿನ ಬ್ರಿಜ್ ಹೌಸ್ ಪಬ್‌ನಲ್ಲಿ ಫ್ಯಾಡ್ ಗ್ಯಾಜೆಟ್ ಕಾರ್ಯಕ್ರಮ ಇತ್ತು. ಅದಕ್ಕೂ ಮೊದಲು ಬ್ಯಾಸಿಲ್ಡನ್ ಊರಿನ ನಾಲ್ವರು ಹುಡುಗರು ವೇದಿಕೆ ಹತ್ತಿದರು. ಎಲ್ಲರೂ ಇಪ್ಪತ್ತರ ಆಸುಪಾಸು. ಒಬ್ಬ ಹಾಡುತ್ತಿದ್ದ, ಮೂವರು ಸಿಂಥಸೈಜರ್ ನುಡಿಸುತ್ತಿದ್ದರು, ಗಿಟಾರ್ ಇಲ್ಲವೇ ಇಲ್ಲ. ಮಿಲ್ಲರ್ ಅಲ್ಲೇ ನಿಂತು ಕೇಳಿದರು. ಆ ಹುಡುಗರ ಮೊದಲ ಸಿಂಗಲ್ 1981ರ ಫೆಬ್ರವರಿಯಲ್ಲಿ ಮ್ಯೂಟ್‌ನಿಂದಲೇ ಬಂತು. ಮುಂದೆ ಜಗತ್ತಿಗೇ ಗೊತ್ತಾದ ಆ ಬ್ಯಾಂಡಿನ ಹೆಸರು ಡಿಪೆಶ್ ಮೋಡ್.